ವಿಜಯನಗರದ ಕರಣಿಕ

ಹಂಪೆಗೆ ಹೋದವರು ಮೊದಲು ವಿರೂಪಾಕ್ಷ ದೇವಾಲಯದ ಗೋಪುರವನ್ನು ನೋಡುತ್ತಾರೆ. ಅನಂತರ ಕಲ್ಲಿನ ರಥ, ಆನೆಯ ಲಾಯ, ಮಹಾನವಮಿಯ ದಿಬ್ಬ, ಹಜಾರರಾಮನ ಗುಡಿಯ ಭಿತ್ತಿಶಿಲ್ಪಗಳು ಅವರ ಕಣ್ಣನ್ನು ಸೆಳೆಯುತ್ತವೆ. ಈ ಕಲ್ಲುಗಳನ್ನು ಕಂಡಾಗ ಅರಸರ ನೆನಪಾಗುತ್ತದೆ, ದಂಡನಾಯಕರ ನೆನಪಾಗುತ್ತದೆ, ಉಳಿ ಹಿಡಿದ ಶಿಲ್ಪಿಗಳ ನೆನಪೂ ಆಗುತ್ತದೆ. ಆದರೆ ಬೆಳಗಾದರೆ ಈ ಮಹಾನಗರದ ವ್ಯವಹಾರ ನಡೆಯಲೇಬೇಕಾಗಿತ್ತು. ಸೈನಿಕರಿಗೆ ಸಂಬಳ ಕೊಡಬೇಕು. ಆನೆ ಕುದುರೆಗಳಿಗೆ ಮೇವು ಅಳೆಯಬೇಕು. ಕಂಪ್ಲಿಯ ಕಾಲುವೆಯ ಕೆಳಗಿನ ಗದ್ದೆಗಳ ತೆರಿಗೆಯೆಷ್ಟು, ಸಂಡೂರಿನ ಬೆಟ್ಟಗಳ ಕಡೆಯಿಂದ ಬಂದ ಸರಕಿನ ಸುಂಕವೆಷ್ಟು ಎಂಬುದು ಗೊತ್ತಿರಬೇಕು. ಇವೆಲ್ಲವನ್ನೂ ಯಾರೋ ಒಬ್ಬರು ಕುಳಿತು ಬರೆಯಬೇಕಾಗಿತ್ತು. ಹಾಗೆ ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನು ಕರಣಿಕ.

ಊರಿನ ಲೆಕ್ಕವನ್ನು ಬರೆಯುವವನಿಗೆ ಸೇನಬೋವ ಅಥವಾ ಶಾನುಭೋಗ ಎಂಬ ಹೆಸರಿತ್ತು. ರಾಜಧಾನಿಯ ಕಚೇರಿಗಳಲ್ಲಿ ಕರಣಿಕರೂ ಸಂಪ್ರತಿಗಳೂ ಇದ್ದರು. ಅರಸನ ಮಾತನ್ನು ಬರಹಕ್ಕೆ ಇಳಿಸುತ್ತಿದ್ದವರು ರಾಯಸದವರು. ಈ ವೃತ್ತಿಯನ್ನು ಸಣ್ಣದೆಂದು ಭಾವಿಸುವಂತಿಲ್ಲ. ಕೃಷ್ಣದೇವರಾಯನ ಕಾಲದ ಪ್ರಸಿದ್ಧ ಅಧಿಕಾರಿ ಕೊಂಡಮರಸಯ್ಯನ ಹೆಸರಿನ ಹಿಂದೆ 'ರಾಯಸ' ಎಂಬ ಮಾತು ಬಿರುದಿನಂತೆ ಅಂಟಿಕೊಂಡಿದೆ. ಲೇಖನಿ ಹಿಡಿದವನು ಸೈನ್ಯವನ್ನು ನಡೆಸುವ ಮಟ್ಟಕ್ಕೂ ಏರಬಹುದಾಗಿತ್ತು. ಸಾಮ್ರಾಜ್ಯವನ್ನು ಸ್ಥಾಪಿಸಿದ ಹರಿಹರ ಬುಕ್ಕರೇ ಮೊದಲು ಭಂಡಾರದ ಅಧಿಕಾರಿಗಳಾಗಿದ್ದರೆಂದು ಒಂದು ಐತಿಹ್ಯವಿದೆ. ಅವರು ಸೇವೆಯಲ್ಲಿದ್ದದ್ದು ಕಂಪ್ಲಿಯ ಅರಸರ ಬಳಿಯಲ್ಲಿ ಎಂದು ಕೆಲವರೂ, ಓರುಗಲ್ಲಿನ ಕಾಕತೀಯರ ಬಳಿಯಲ್ಲಿ ಎಂದು ಕೆಲವರೂ ಹೇಳುತ್ತಾರೆ. 1327ರಲ್ಲಿ ದೆಹಲಿಯ ಸೈನ್ಯ ಕಂಪ್ಲಿಯ ರಾಜ್ಯವನ್ನು ನಾಶಪಡಿಸಿತು. ಹತ್ತು ವರ್ಷ ಕಳೆಯುವುದರೊಳಗೆ ಅದೇ ತುಂಗಭದ್ರೆಯ ದಡದಲ್ಲಿ ಹೊಸ ರಾಜ್ಯ ತಲೆಯೆತ್ತಿತು.

ಇಂಥ ಕರಣಿಕರು ಕೆಲಸ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಪರದೇಶದ ಒಬ್ಬ ರಾಯಭಾರಿ. ಹೆರಾತಿನ ಸುಲ್ತಾನ ಶಾರುಖನು ಕಳುಹಿಸಿದ ಅಬ್ದುರ್ ರಜಾಕನು 1443ರಲ್ಲಿ, ಇಮ್ಮಡಿ ದೇವರಾಯನು ಆಳುತ್ತಿದ್ದಾಗ, ವಿಜಯನಗರಕ್ಕೆ ಬಂದು ಹಲವು ತಿಂಗಳು ಅಲ್ಲಿದ್ದನು. ಆತನ ಬಳಿಕ ಬಂದ ಪೋರ್ಚುಗೀಸರಲ್ಲಿ ಇಬ್ಬರು ಮುಖ್ಯರು. ಸುಮಾರು 1520ರಲ್ಲಿ ನಗರವನ್ನು ನೋಡಿದ ಡೊಮಿಂಗೊ ಪೇಸ್ ಒಬ್ಬನು. ಸುಮಾರು 1535ರಲ್ಲಿ ಅಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇನ್ನೊಬ್ಬನು. ಮೊದಲನೆಯವನಿಗೂ ಕೊನೆಯವನಿಗೂ ನಡುವೆ ತೊಂಬತ್ತು ವರ್ಷಗಳ ಅಂತರವಿದೆ. ಅರಸು ಮನೆತನಗಳೇ ಬದಲಾಗಿದ್ದವು. ಆದರೂ ಮೂವರ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರಾಜಧಾನಿಯ ಕಚೇರಿಯಲ್ಲಿ ದುಡಿಯುತ್ತಿದ್ದ ತರುಣನೊಬ್ಬನ ದಿನಚರಿ ಮಸುಕಾಗಿಯಾದರೂ ಕಣ್ಣಿಗೆ ಕಟ್ಟುತ್ತದೆ.

ನಗರವು ಏಳು ಸುತ್ತಿನ ಕೋಟೆಯೆಂದು ರಜಾಕನು ಹೇಳುತ್ತಾನೆ. ಹೊರಗಿನ ಮೂರು ಸುತ್ತುಗಳ ನಡುವೆ ಹೊಲಗಳು, ತೋಟಗಳು, ಮನೆಗಳು. ಮೂರನೆಯ ಸುತ್ತಿನಿಂದ ಒಳಕ್ಕೆ ಹೋದಂತೆಲ್ಲ ಅಂಗಡಿಗಳ ಸಾಲು, ಜನಗಳ ಸಂದಣಿ. ಪೇಸ್ ಒಂದು ಗುಡ್ಡವನ್ನು ಹತ್ತಿ ನೋಡಿದನು. ಬೆಟ್ಟಗಳು ಅಡ್ಡ ಬಂದುದರಿಂದ ಊರೆಲ್ಲ ಕಾಣಿಸಲಿಲ್ಲ. ಕಂಡಷ್ಟರಿಂದಲೇ ಅದು ರೋಮ್ ನಗರದಷ್ಟು ದೊಡ್ಡದೆಂದು ಅವನಿಗೆ ತೋರಿತು. ಅಲ್ಲಿ ಒಂದು ಲಕ್ಷ ಮನೆಗಳಿರಬಹುದೆಂದು ಅವನು ಅಂದಾಜು ಮಾಡಿದನು. ಅವು ಒಂದೇ ಅಂತಸ್ತಿನ, ಸಮತಟ್ಟಾದ ಮಾಳಿಗೆಯ ಮನೆಗಳು. ಒಂದೊಂದರ ಸುತ್ತಲೂ ತಗ್ಗಾದ ಗೋಡೆ. ಎಣಿಸಿ ಹೇಳಿದ ಸಂಖ್ಯೆ ಇದಲ್ಲ, ಬೆರಗಿನಿಂದ ಹೇಳಿದ್ದು. ಆದರೂ ಹಳ್ಳಿಯಿಂದ ಹೊಸದಾಗಿ ಬಂದ ಹುಡುಗನ ಬೆರಗು ಇದಕ್ಕಿಂತ ಕಡಿಮೆಯಾಗಿದ್ದೀತೆ?

ಬೆಳಿಗ್ಗೆ ಮನೆಯಿಂದ ಹೊರಟ ಕರಣಿಕನು ಅರಮನೆಯ ಕಡೆಗೆ ನಡೆಯುವಾಗ ದಾರಿಯುದ್ದಕ್ಕೂ ನೀರಿನ ಸಪ್ಪಳ ಕಿವಿಗೆ ಬೀಳುತ್ತಿತ್ತು. ನಯವಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ರಜಾಕನು ಮೆಚ್ಚಿ ಬರೆದಿದ್ದಾನೆ. ಆ ಕಲ್ಲಿನ ದೋಣಿಗಳ ಸಾಲನ್ನು ಹಂಪೆಯಲ್ಲಿ ಇಂದಿಗೂ ನೋಡಬಹುದು. ಒಂದು ಕಡೆ ಕಾಲುವೆಯ ಮಗ್ಗುಲಿಗೇ ಊಟದ ತಟ್ಟೆಗಳಂತೆ ಕಡೆದ ಕಲ್ಲುಗಳಿವೆ. ಅರಮನೆಯ ಬಳಿ ಪೇಟೆಗಳು ಸೇರುತ್ತಿದ್ದವು. ಒಂದೊಂದು ಕಸುಬಿನವರ ಅಂಗಡಿಗಳು ಒಂದೊಂದು ಕಡೆ ಒತ್ತೊತ್ತಾಗಿದ್ದವು. ಮುತ್ತು ಮಾಣಿಕ್ಯಗಳನ್ನು ಬಯಲಿನಲ್ಲಿಯೇ ಇಟ್ಟು ಮಾರುತ್ತಿದ್ದರು. ಇವುಗಳಿಗಿಂತಲೂ ರಜಾಕನಿಗೆ ಸೋಜಿಗವೆನಿಸಿದ್ದು ಗುಲಾಬಿ ಹೂವಿನ ಮಾರಾಟ. ಈ ಊರಿನ ಜನ ಅನ್ನವಿಲ್ಲದೆ ಹೇಗೆ ಇರಲಾರರೋ ಹಾಗೆಯೇ ಹೂವಿಲ್ಲದೆಯೂ ಇರಲಾರರು ಎಂಬ ಅರ್ಥದಲ್ಲಿ ಅವನು ಬರೆಯುತ್ತಾನೆ.

ಅರಮನೆಯ ಬಲಗಡೆಗೆ ಮಂತ್ರಿಯ ಕಚೇರಿ ಇತ್ತು. ಅದು ನಲವತ್ತು ಕಂಬಗಳ ಮಂಟಪದಂತೆ ಕಾಣುವ ಬಹು ವಿಶಾಲವಾದ ಕಟ್ಟಡ. ಅದರ ಮುಂದೆ ಆಳೆತ್ತರಕ್ಕೂ ಮಿಗಿಲಾದ ಒಂದು ಜಗಲಿ. ಉದ್ದ 30 ಗಜ, ಅಗಲ 6 ಗಜ. ದಫ್ತರಗಳನ್ನು ಇಡುತ್ತಿದ್ದುದು ಆ ಜಗಲಿಯ ಮೇಲೆ. ಬರಹಗಾರರು ಕುಳಿತುಕೊಳ್ಳುತ್ತಿದ್ದುದೂ ಅಲ್ಲಿಯೇ. ಮಂಟಪದ ನಡುವೆ ಎತ್ತರವಾದ ಪೀಠದ ಮೇಲೆ ದಣ್ಣಾಯಕನು ಒಬ್ಬನೇ ಕುಳಿತು ರಾಜ್ಯದ ವ್ಯವಹಾರಗಳನ್ನು ವಿಚಾರಿಸುತ್ತಿದ್ದನು. ಕೆಳಗೆ ಎರಡು ಕಡೆಗಳಲ್ಲಿಯೂ ಬೆತ್ತ ಹಿಡಿದ ಚೋಪದಾರರ ಸಾಲು. ದೂರು ಹೇಳಿಕೊಳ್ಳಲು ಬಂದವನು ಆ ಸಾಲುಗಳ ನಡುವೆ ನಡೆದುಬಂದು, ಏನಾದರೊಂದು ಸಣ್ಣ ಕಾಣಿಕೆಯನ್ನಿಟ್ಟು, ನೆಲಕ್ಕೆ ಹಣೆ ಮುಟ್ಟಿಸಿ, ಎದ್ದು ನಿಂತು ತನ್ನ ಮಾತನ್ನು ಹೇಳುತ್ತಿದ್ದನು. ದಣ್ಣಾಯಕನು ಧರ್ಮವನ್ನು ನೋಡಿ ಆಜ್ಞೆ ಕೊಡುತ್ತಿದ್ದನು. ಅದಕ್ಕೆ ಎದುರು ಮಾತಿಲ್ಲ.

ದಿನದ ವಿಚಾರಣೆ ಮುಗಿದ ಮೇಲೆ ದಣ್ಣಾಯಕನು ಅರಸನಿಗೆ ವರದಿಯೊಪ್ಪಿಸಲು ಹೊರಡುತ್ತಿದ್ದನು. ಆಗ ಕಹಳೆಗಳು ಮೊಳಗುತ್ತಿದ್ದವು. ಮುಂದೆ ಬಣ್ಣ ಬಣ್ಣದ ಕೊಡೆಗಳು ಸಾಗುತ್ತಿದ್ದವು. ಅರಸನಿರುವ ಸ್ಥಳಕ್ಕೆ ಏಳು ಬಾಗಿಲುಗಳನ್ನು ದಾಟಿ ಹೋಗಬೇಕು. ಒಂದೊಂದು ಬಾಗಿಲಲ್ಲಿಯೂ ಒಂದೊಂದು ಕೊಡೆಯನ್ನು ಬಿಟ್ಟು, ಏಳನೆಯ ಬಾಗಿಲನ್ನು ದಣ್ಣಾಯಕನು ಯಾವ ಆಡಂಬರವೂ ಇಲ್ಲದೆ ಒಬ್ಬನೇ ಹೊಗುತ್ತಿದ್ದನು. ಜಗಲಿಯ ಮೇಲೆ ಕುಳಿತ ತರುಣರು ಮೊದಲ ಕೊಡೆಯನ್ನು ಕಂಡವರೇ ಹೊರತು ಏಳನೆಯ ಬಾಗಿಲನ್ನು ಕಂಡವರಲ್ಲ.

ಬರೆಯುತ್ತಿದ್ದುದು ಯಾವುದರ ಮೇಲೆ? ಎರಡು ಬಗೆಯ ಬರಹಗಳನ್ನು ರಜಾಕನು ಕಂಡನು. ಒಂದು, ಉದ್ದನೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದದ್ದು. ಇದಕ್ಕೆ ಬಣ್ಣವಿಲ್ಲ, ಬಾಳಿಕೆಯೂ ಕಡಿಮೆ ಎಂಬುದು ಅವನ ಅಭಿಪ್ರಾಯ. ಇನ್ನೊಂದು, ಬಿಳಿಯ ಹಾಳೆಯನ್ನು ಕಪ್ಪು ಮಾಡಿ, ಲೇಖನಿಯಂತೆ ಕಡೆದ ಮೆದು ಕಲ್ಲಿನಿಂದ ಅದರ ಮೇಲೆ ಬರೆದದ್ದು. ಕಪ್ಪಿನ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತಿದ್ದವು. ಇವು ಬಹುಕಾಲ ಬಾಳುತ್ತವೆ, ಜನ ಇದನ್ನೇ ಹೆಚ್ಚಾಗಿ ಮನ್ನಿಸುತ್ತಾರೆ ಎಂದು ಅವನು ಹೇಳುತ್ತಾನೆ. ಅವನು ಹೆಸರು ಹೇಳದಿದ್ದರೂ ಈ ಎರಡನೆಯದು ಕಡತವೆಂಬುದರಲ್ಲಿ ಸಂದೇಹವಿಲ್ಲ.

ಕಡತವನ್ನು ಮಾಡುವ ಬಗೆಯನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಒಂದು ಅಡಿಯೊಳಗಿನ ಅಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಯ ಬಟ್ಟೆಯನ್ನು ತೆಗೆದುಕೊಂಡು, ಇದ್ದಲಿನ ಪುಡಿ ಬೆರೆಸಿದ ಅಂಟನ್ನು ಎರಡು ಮಗ್ಗುಲಿಗೂ ಬಳಿಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಈ ಅಂಟಿಗೆ ಹುಣಿಸೆಬೀಜದ ಸರಿಯನ್ನು ಬಳಸುತ್ತಿದ್ದರು. ಚೆನ್ನಾಗಿ ಒಣಗಿದ ಮೇಲೆ ಬಟ್ಟೆಯನ್ನು ಕತ್ತರಿಸದೆ ಒಂದೇ ಅಳತೆಯ ಮಡಿಕೆಗಳಾಗಿ ಮಡಿಸಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಜೋಡಿಸಿ, ದಾರದಿಂದ ಕಟ್ಟಿದರೆ ಪುಸ್ತಕ ಸಿದ್ಧವಾಯಿತು. ಬರೆಯಲು ಬಳಪದ ಕಡ್ಡಿ. ಸ್ಲೇಟಿನ ಮೇಲೆ ಬರೆದಂತೆ ಇದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸದೆ ಇಟ್ಟರೆ ತಲೆಮಾರುಗಳ ಕಾಲ ಉಳಿಯುತ್ತದೆ. ವಿಲ್ಕ್ಸನ ಕಾಲದಲ್ಲಿಯೂ ವರ್ತಕರು ತಮ್ಮ ಲೆಕ್ಕಕ್ಕೆ ಕಡತವನ್ನೇ ಬಳಸುತ್ತಿದ್ದರು. ಬಟ್ಟೆ ಹೋಗಿ ಕಾಗದ ಬಂದರೂ ಕನ್ನಡದ ಸರ್ಕಾರಿ ಕಚೇರಿಗಳಲ್ಲಿ ಹೆಸರು ಮಾತ್ರ ಉಳಿದುಕೊಂಡಿದೆ. ಫೈಲಿಗೆ ಇಂದಿಗೂ ಕಡತವೆಂದೇ ಹೆಸರು.

ಅಂಥ ಕಡತದಲ್ಲಿ ಬರೆಯಬೇಕಾದ ಲೆಕ್ಕವೇನೂ ಸುಲಭವಾಗಿರಲಿಲ್ಲ. ಚಿನ್ನದ ನಾಣ್ಯಗಳಲ್ಲಿ ದೊಡ್ಡದು ವರಾಹ; ಅದರ ಅರ್ಧ ಪ್ರತಾಪ; ಅದಕ್ಕಿಂತ ಎಷ್ಟೋ ಚಿಕ್ಕದಾದ ಹಣವೇ ದಿನದ ಬಳಕೆಯಲ್ಲಿ ಹೆಚ್ಚಾಗಿದ್ದುದು. ಹಣದ ಆರನೆಯ ಒಂದು ಭಾಗ ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಭಾಗ ತಾಮ್ರದ ಜೀತಲ. ಇದಲ್ಲದೆ ಹಣದ ಕಾಲು ಭಾಗವನ್ನು ಹಾಗವೆಂದೂ ಹದಿನಾರನೆಯ ಭಾಗವನ್ನು ವೀಸವೆಂದೂ ಕನ್ನಡಿಗರು ಎಣಿಸುತ್ತಿದ್ದರು. ದವಸಕ್ಕೆ ಖಂಡುಗ, ಕೊಳಗ, ಮಾನಗಳ ಅಳತೆ ಬೇರೆ. ಸೊನ್ನೆಯೊಂದು ಹೆಚ್ಚು ಕಡಿಮೆಯಾದರೆ ಎಲ್ಲಿಯೋ ಒಂದು ಊರಿನ ರೈತ ಇಲ್ಲದ ತೆರಿಗೆಯನ್ನು ತೆರಬೇಕಾಗುತ್ತಿತ್ತು.

ಈ ಲೆಕ್ಕವನ್ನು ಹುಡುಗರು ಕಲಿಯುತ್ತಿದ್ದ ಬಗೆಯ ಒಂದು ಚಿತ್ರ ಮುಂದಿನ ಕಾಲದ್ದಾದರೂ ಇಲ್ಲಿ ಹೇಳತಕ್ಕದ್ದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆಯು ಕೆಳದಿಯ ನಾಯಕರ ನಾಡಿನಲ್ಲಿ, ಒಂದು ಗುಡಿಯ ಮೊಗಸಾಲೆಯಲ್ಲಿ, ನಾಲ್ಕು ಮಂದಿ ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದನು. ಉಳಿದವರೂ ಹಾಗೆಯೇ ಹೇಳುತ್ತ ಬರೆಯುತ್ತಿದ್ದರು. ಗುರುವಿಲ್ಲದಿರುವಾಗ ಮರೆತರೆ ತಿದ್ದುವವರಾರು ಎಂದು ಅವನು ಕೇಳಿದನು. ನಾಲ್ವರೂ ಒಂದೇ ಮಾತನ್ನು ಒಂದೇ ಸಲ ಮರೆಯುವುದು ಸಾಧ್ಯವಿಲ್ಲ ಎಂದು ಹುಡುಗರು ಉತ್ತರಕೊಟ್ಟರು. ಈ ಉತ್ತರದಲ್ಲಿ ಹುಡುಗತನವಿದೆ. ಆದರೆ ಒಳ್ಳೆಯ ಕಚೇರಿಯೊಂದು ನಡೆಯುವ ರೀತಿಯೂ ಅದರಲ್ಲಿಯೇ ಇದೆ.

ಏಕೆಂದರೆ, ಒರೆಸಿ ಬರೆಯಬಹುದಾದ ಪುಸ್ತಕವನ್ನು ನಂಬುವುದು ಹೇಗೆ? ವಿಜಯನಗರದಲ್ಲಿ ಇದಕ್ಕೆ ಒಂದು ಏರ್ಪಾಡಿತ್ತು. ಅದನ್ನು ನೂನಿಜ್ ಬರೆದಿಟ್ಟಿದ್ದಾನೆ. ಅರಮನೆಯ ಒಳಗೆ ಆಗುವ ವೆಚ್ಚಗಳ ಲೆಕ್ಕವನ್ನೆಲ್ಲ ಹೆಂಗಸರೇ ಬರೆಯುತ್ತಿದ್ದರು. ಅಷ್ಟೇ ಅಲ್ಲ, ರಾಜ್ಯದ ಎಲ್ಲ ವ್ಯವಹಾರಗಳನ್ನು ಬರೆದು, ತಮ್ಮ ಪುಸ್ತಕಗಳನ್ನು ಹೊರಗಿನ ಬರಹಗಾರರ ಪುಸ್ತಕಗಳೊಡನೆ ತಾಳೆ ನೋಡುವ ಹೆಂಗಸರೂ ಇದ್ದರು. ಇದು ಸಾಮಾನ್ಯವಾದ ಸಂಗತಿಯಲ್ಲ. ಜಗಲಿಯ ಮೇಲಿನ ಕರಣಿಕನು ಎಷ್ಟೇ ಜಾಣನಾಗಿರಲಿ, ತಾನು ಬರೆದ ಅಂಕಿಯನ್ನೇ ಕೋಟೆಯ ಒಳಗೆ ಇನ್ನೊಂದು ಕೈಯೂ ಬರೆದಿದೆ ಎಂಬ ಎಚ್ಚರದಲ್ಲಿಯೇ ಬಳಪವನ್ನು ಹಿಡಿಯಬೇಕಾಗಿತ್ತು. ವಿಜಯನಗರದ ವೈಭವವನ್ನು ಹೇಳುವಾಗ ರತ್ನಗಳ ರಾಶಿಯನ್ನು ಎಲ್ಲರೂ ಹೇಳುತ್ತಾರೆ; ಎರಡು ಪುಸ್ತಕಗಳನ್ನು ಹೋಲಿಸಿ ನೋಡುತ್ತಿದ್ದ ಈ ಲೇಖಕಿಯರನ್ನು ಹೇಳುವವರು ಕಡಿಮೆ.

ಅರಸನ ಆಜ್ಞೆಯೂ ಬರಹಗಾರರ ನೆನಹಿನ ಮೇಲೆಯೇ ನಿಂತಿತ್ತು. ಅರಸನು ತಾನು ಮಾಡಿದ ಉಪಕಾರಗಳಿಗೆ ಬರಹದ ಆಜ್ಞೆಯನ್ನು ಕೊಡುತ್ತಿರಲಿಲ್ಲ ಎಂದು ನೂನಿಜ್ ಹೇಳುತ್ತಾನೆ. ಅರಸನು ನುಡಿಯುತ್ತಿದ್ದನು; ಲೇಖಕರು ಅದನ್ನು ತಮ್ಮ ಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದರು. ಉಪಕಾರ ಪಡೆದವನ ಕೈಗೆ ಸಿಗುತ್ತಿದ್ದುದು ಉಂಗುರದಿಂದ ಅರಗಿನ ಮೇಲೆ ಒತ್ತಿದ ಒಂದು ಮುದ್ರೆ ಮಾತ್ರ. ಆ ಮುದ್ರೆಯ ಹಿಂದಿರುವ ಮಾತು ಯಾವುದೆಂದು ತಿಳಿಯಬೇಕಾದರೆ ಪುಸ್ತಕವನ್ನು ಬಿಚ್ಚಬೇಕು.

ಒಂದು ಸಾಲಿನ ಬರಹಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ರಜಾಕನು ತಾನೇ ಅನುಭವಿಸಿದನು. ಅರಮನೆಯಿಂದ ಅವನಿಗೆ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಾಹ ಸಲ್ಲಬೇಕೆಂದು ಗೊತ್ತಾಗಿತ್ತು. ದಣ್ಣಾಯಕನು ದಂಡಯಾತ್ರೆಗೆ ಹೋದಾಗ ಅವನ ಸ್ಥಾನದಲ್ಲಿದ್ದವನು ಈ ಪಡಿಯನ್ನು ನಿಲ್ಲಿಸಿಬಿಟ್ಟನು. ರಾಯಭಾರಿಯಾದರೇನು, ಲೆಕ್ಕದಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಅಳೆಯುವವರಾರು? ದಣ್ಣಾಯಕನು ಹಿಂದಿರುಗಿದ ಮೇಲೆ ಅವನನ್ನು ಗದರಿಸಿ, ರಜಾಕನಿಗೆ ಟಂಕಸಾಲೆಯಿಂದ ಹಣ ಸಲ್ಲುವಂತೆ ಆಜ್ಞೆ ಮಾಡಿದನು. ಟಂಕಸಾಲೆ ಇದ್ದುದು ಅರಮನೆಯ ಎಡಗಡೆಗೆ. ಪ್ರಾಂತಗಳಿಂದ ಬಂದ ಚಿನ್ನ ಅಲ್ಲಿಗೆ ಹೋಗುತ್ತಿತ್ತು. ಸರ್ಕಾರದಿಂದ ಹಣ ಬರಬೇಕಾದವರಿಗೆ ಟಂಕಸಾಲೆಯ ಮೇಲೆ ಆಜ್ಞೆ ಬರೆದುಕೊಡುತ್ತಿದ್ದರು. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ. ಆ ದಿನಗಳು ಸೈನಿಕರಿಗೆ ಹಬ್ಬ, ಬರೆಯುವವರಿಗೆ ರಾತ್ರಿಯ ದೀಪ.

ಕೃಷ್ಣದೇವರಾಯನ ಕಾಲಕ್ಕೆ ಕರಣಿಕರ ಕೆಲಸ ಇನ್ನಷ್ಟು ಬೆಳೆಯಿತು. ಅವನು ರಾಜಧಾನಿಯ ನೈಋತ್ಯಕ್ಕೆ ನಾಗಲಾಪುರವೆಂಬ ಹೊಸ ಪಟ್ಟಣವನ್ನು ಕಟ್ಟಿಸಿದನು. ಇಂದಿನ ಹೊಸಪೇಟೆ ಇರುವುದು ಅಲ್ಲಿಯೇ. ಆ ಪಟ್ಟಣಕ್ಕೆ ನೀರು ಬೇಕಾಯಿತು. ಸಂಡೂರಿನ ಬೆಟ್ಟಗಳ ಸಾಲಿನ ಕಣಿವೆಯ ಬಾಯಿಗೆ ಭಾರಿ ಏರಿ ಹಾಕಿ ಕೆರೆ ಕಟ್ಟಿಸಿದನು. ಕೆರೆಯ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದರೆಂದೂ ಕಾಲಿಡುವ ನೆಲವೇ ಕಾಣುತ್ತಿರಲಿಲ್ಲವೆಂದೂ ಪೇಸ್ ಬರೆದಿದ್ದಾನೆ. ಇಷ್ಟು ಜನರಿಗೆ ಕೂಲಿ ಸಲ್ಲಬೇಕಾದರೆ ಎಷ್ಟು ಮಂದಿ ಬರಹಗಾರರು ದುಡಿದಿರಬೇಕು! ಕೆರೆಯ ನೀರು ಹರಿಯುವ ಭೂಮಿಯನ್ನು ಅರಸನು ಒಂಬತ್ತು ವರ್ಷ ತೆರಿಗೆಯಿಲ್ಲದೆ ಜನರಿಗೆ ಬಿಟ್ಟುಕೊಟ್ಟನು. ಪಾಳು ನೆಲವನ್ನು ಒಕ್ಕಲಿಗರು ಹದಮಾಡಿಕೊಳ್ಳಲಿ ಎಂಬುದು ಅವನ ಉದ್ದೇಶ. ಮುಂದೆ ಅಲ್ಲಿಂದ ಬರುವ ಹುಟ್ಟುವಳಿ ಇಪ್ಪತ್ತು ಸಾವಿರ ವರಾಹಗಳಿಗೆ ಮುಟ್ಟಿತೆಂದು ನೂನಿಜ್ ಹೇಳುತ್ತಾನೆ. ಈ ಒಂಬತ್ತು ವರ್ಷಗಳನ್ನು ಎಣಿಸುತ್ತಿದ್ದುದು ಕಡತ. ಯಾವ ಹೊಲಕ್ಕೆ ಯಾವ ಸಂವತ್ಸರದಿಂದ ವಿನಾಯಿತಿ ಎಂಬ ಬರಹ ತಪ್ಪಿದರೆ ರೈತನು ಏಳನೆಯ ವರ್ಷದಲ್ಲಿಯೇ ತೆರಿಗೆ ಕಟ್ಟಬೇಕಾಗಬಹುದು; ಇಲ್ಲವೆ ಭಂಡಾರವು ಹತ್ತನೆಯ ವರ್ಷದ ತೆರಿಗೆಯನ್ನು ಕಳೆದುಕೊಳ್ಳಬಹುದು. ಆ ಏರಿಯ ಮೇಲೆಯೇ ಹೊಸಪೇಟೆಯಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯನ್ನು ಮುಂದೆ ಹಾಯಿಸಿದರು.

ವರ್ಷದ ಕಡುಕಷ್ಟದ ಕಾಲ ಮಹಾನವಮಿ. ಒಂಬತ್ತು ದಿನಗಳ ಉತ್ಸವದಲ್ಲಿ ಊರೆಲ್ಲ ಆನೆಗಳ ಮೆರವಣಿಗೆಯನ್ನೂ ಮಲ್ಲರ ಕಾಳಗವನ್ನೂ ನೋಡಿ ನಲಿಯುತ್ತಿದ್ದಾಗ ನಾಯಕರು ತಮ್ಮ ತಮ್ಮ ಸೀಮೆಗಳಿಂದ ಬಂದು ವರ್ಷದ ಕಪ್ಪವನ್ನು ಒಪ್ಪಿಸುತ್ತಿದ್ದರು. ಆಗ ಬರೆಯುವವನಿಗೆ ತಲೆಯೆತ್ತಿ ನೋಡಲು ಪುರುಸೊತ್ತು ಎಲ್ಲಿಯದು? ಉಳಿದ ದಿನಗಳಲ್ಲಿ ಅವನಿಗೂ ಸಂಜೆ ಎಂಬುದೊಂದಿತ್ತು. ನಗರದಲ್ಲಿ ದಿನಕ್ಕೊಂದು ಕಡೆ ಸಂತೆ ಸೇರುತ್ತಿತ್ತು. ಸಂಜೆಯ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಸೌದೆ ಎಲ್ಲವೂ ಸಿಗುತ್ತಿದ್ದವು. ಅಕ್ಕಿ, ಜೋಳ, ಹೆಸರು, ಹುರುಳಿಗಳಿಗೆ ಕೊರತೆಯಿರಲಿಲ್ಲ. ಲೋಕದಲ್ಲಿ ಇಷ್ಟು ಸಮೃದ್ಧವಾದ ನಗರ ಬೇರೊಂದಿಲ್ಲವೆಂದು ಪೇಸ್ ಹೇಳುತ್ತಾನೆ. ಬೆರಳಿಗೆ ಅಂಟಿದ ಬಳಪದ ಪುಡಿಯನ್ನು ಒರೆಸಿಕೊಂಡು, ಸೌದೆಯ ಹೊರೆಗೆ ಚೌಕಾಸಿ ಮಾಡಿ, ಎಲೆಯಡಿಕೆ ಕೊಂಡು ಮನೆಗೆ ಹೋಗುವ ತರುಣರು ಆ ಜನಜಂಗುಳಿಯಲ್ಲಿ ಎಷ್ಟು ಮಂದಿ ಇದ್ದರೋ!

ಅವರಲ್ಲಿ ಒಬ್ಬನ ಹೆಸರನ್ನೂ ರಜಾಕನು ಬರೆಯಲಿಲ್ಲ. ತಾಮ್ರದಲ್ಲಿಯೂ ಕಲ್ಲಿನಲ್ಲಿಯೂ ಬರೆದವರ ಹೆಸರುಗಳು ಉಳಿದಿವೆ. ಕೃಷ್ಣದೇವರಾಯ, ಅಚ್ಯುತರಾಯರ ತಾಮ್ರಶಾಸನಗಳ ಶ್ಲೋಕಗಳನ್ನು ರಚಿಸಿದವನು ಸಭಾಪತಿ. ಅವನ್ನು ಕೊರೆದವನು ಮಲ್ಲಣನ ಮಗ ವೀರಣಾಚಾರ್ಯ. ಶಾಸನದ ಭಾಷೆ ಸಂಸ್ಕೃತವಾದರೂ ಲಿಪಿ ನಂದಿನಾಗರಿಯಾದರೂ ಕೊನೆಯಲ್ಲಿ ಅರಸನ ಒಪ್ಪವಾದ 'ಶ್ರೀ ವಿರೂಪಾಕ್ಷ' ಎಂಬುದು ಕನ್ನಡದ ಅಕ್ಷರಗಳಲ್ಲಿಯೇ ಇರುತ್ತದೆ. ದಾನವನ್ನು ಲೋಹದಲ್ಲಿ ಬರೆದರು. ದಿನದ ಲೆಕ್ಕವನ್ನು ಬಟ್ಟೆಯಲ್ಲಿ ಬರೆದರು.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ರಾಮರಾಯನು ಮಡಿದನು. ಸುದ್ದಿ ತಲುಪಿದೊಡನೆ ತಿರುಮಲರಾಯನು ಭಂಡಾರವನ್ನು ನೂರಾರು ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಯ ಕಡೆಗೆ ಹೊರಟನು. ಆನೆಗಳ ಮೇಲೆ ಹೋದದ್ದು ಚಿನ್ನ, ರತ್ನ, ಸಿಂಹಾಸನ. ಹಿಂದೆ ಉಳಿದ ನಗರ ತಿಂಗಳುಗಟ್ಟಲೆ ಸುಲಿಗೆಗೂ ಬೆಂಕಿಗೂ ತುತ್ತಾಯಿತು. ಮರದ ಕಟ್ಟಡಗಳು ಸುಟ್ಟು ಅವುಗಳ ಕಲ್ಲಿನ ಬುನಾದಿ ಮಾತ್ರ ಉಳಿಯಿತು. ಮೂವತ್ತು ಗಜದ ಆ ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದ ದಫ್ತರಗಳಾಗಲಿ ಅವುಗಳಿಗೆ ಸಾಕ್ಷಿಯಾಗಿ ಒಳಗಿನ ಹೆಂಗಸರು ಬರೆದ ಪುಸ್ತಕಗಳಾಗಲಿ ಮುಂದಿನವರ ಕೈ ಸೇರಲಿಲ್ಲ.

ಹಳ್ಳಿಗಳಲ್ಲಿ ಮಾತ್ರ ಸ್ವಲ್ಪ ಉಳಿಯಿತು. ಸುಟ್ಟ ರಾಜಧಾನಿಯಲ್ಲಿ ಕಳೆದುಹೋದದ್ದರ ಒಂದು ಚೂರು ಶಾನುಭೋಗರ ಮನೆಯ ಅಟ್ಟದಲ್ಲಿತ್ತು. ಊರಿನ ಎಲ್ಲೆ, ಕೆರೆಯ ನೀರಿನ ಹಕ್ಕು, ದೇವರ ಮಾನ್ಯ ಇವುಗಳ ಬರಹವನ್ನು ತಂದೆ ಮಗನಿಗೆ ಒಪ್ಪಿಸುತ್ತ ಬಂದಿದ್ದನು. ಬಟ್ಟೆ ಹಳೆಯದಾದರೆ ಹೊಸದಕ್ಕೆ ನಕಲು ಮಾಡುತ್ತಿದ್ದರು. 1799ರಲ್ಲಿ ಹಂಪೆಯ ಪಾಳು ನಗರದ ನಕ್ಷೆಯನ್ನು ಬರೆಸಿದ ಕಾಲಿನ್ ಮೆಕೆಂಜಿಯು ಮುಂದೆ ತನ್ನ ಸಹಾಯಕರನ್ನು ಊರೂರಿಗೆ ಕಳುಹಿಸಿ ಇಂಥ ಬರಹಗಳನ್ನೂ ಹಿರಿಯರ ಹೇಳಿಕೆಗಳನ್ನೂ ಕೂಡಿಸಿ ಕೈಫಿಯತ್ತುಗಳನ್ನು ಬರೆಸಿದನು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಅರಸರ ಕಥೆಗಳ ನಡುನಡುವೆ ಇಷ್ಟು ಖಂಡುಗದ ಗದ್ದೆ, ಇಷ್ಟು ಹಣದ ತೆರಿಗೆ, ಇಂಥ ಕಾಲುವೆಯ ನೀರು ಎಂಬ ಸಾಲುಗಳು ಬರುತ್ತವೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಹಲವು ಹೊಸಪೇಟೆ, ಕಮಲಾಪುರ, ಕಂಪ್ಲಿಗಳ ಗದ್ದೆಗಳಿಗೆ ಈಗಲೂ ನೀರುಣಿಸುತ್ತಿವೆ.